ಕಾಲುವೆ ಇದ್ದರೆ ಸಾಕಾ, ಗೇಟ್ ಎತ್ತಿರಬೇಕಲ್ವಾ?

ಸಂಪಾದಕರೇ,

ನಿಮ್ಮ ಕಂಪ್ಯೂಟರ್ ಪುಟದಲ್ಲಿ ವರ್ಚುವಲ್ ಮಷಿನ್ (ಒಂದು ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಕಂಪ್ಯೂಟರ್) ಬಗ್ಗೆ ಓದಿದೆ. ಚೆನ್ನಾಗಿತ್ತು. ಆದರೆ ‘ಪ್ರೊಸೆಸರ್‌ನಲ್ಲಿ ಸೌಲಭ್ಯ ಇದ್ದರೆ ಓಡುತ್ತದೆ’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಅಲ್ಲೇ ನಾನೂ ಎಡವಿದ್ದು.

ರಾಯಚೂರಿನ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಹುಡುಗರಿಗೆ ತೋರಿಸೋಣ ಅಂತ ಪುಟ್ಟದೊಂದು ಹೈಪರ್‌ವೈಸರ್, ಅಂದರೆ ವರ್ಚುವಲ್ ಮಷಿನ್ ಓಡಿಸುವ ಪ್ರೋಗ್ರಾಂ, ಬರೆದೆ. ಸಿಪಿಯುಐಡಿ ಅನ್ನೋ ಇನ್‌ಸ್ಟ್ರಕ್ಷನ್ ಕೊಟ್ಟರೆ ಪ್ರೊಸೆಸರ್ ತನ್ನಲ್ಲಿ ಏನೇನಿದೆ ಅಂತ ಹೇಳುತ್ತದೆ. ನಮಗೆ ಬೇಕಾದ ಸೌಲಭ್ಯದ ಹೆಸರು ಇಂಟೆಲ್ ಆದರೆ ವಿಎಂಎಕ್ಸ್, ಎಎಂಡಿ ಆದರೆ ಎಸ್‌ವಿಎಂ. ಆ ಒಂದು ಬಿಟ್ 1 ಇದ್ದದ್ದು ನೋಡಿ ಮುಂದಕ್ಕೆ ಹೋದೆ. ನನ್ನ ಮೇಜಿನ ಮೇಲೆ ಓಡಿತು. ಲ್ಯಾಬಿನ ಮೊದಲ ಯಂತ್ರದಲ್ಲಿ, ಆ ಸೌಲಭ್ಯ ಚಾಲೂ ಮಾಡುವ ವಿಎಂಎಕ್ಸ್‌ಆನ್ ಸಾಲಿಗೆ ಬಂದದ್ದೇ ತಡ, ಸತ್ತು ಬಿತ್ತು. ಯಾಕೆ ಅಂತ ಒಂದಕ್ಷರ ಇಲ್ಲ. ಅರ್ಧ ದಿನ ಹೋಯಿತು.

ನಾನು ಸಿರವಾರದ ಕಡೆಯವನು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಕಾಲುವೆ ಇದೆ ಅಂತ ನಾವು ಸಸಿ ಮಡಿ ಹಾಕಲ್ಲ, ಮೇಲೆ ನೀರು ಬಿಟ್ಟಿದ್ದಾರಾ ಅಂತ ಕೇಳಿಯೇ ಹಾಕೋದು. ಇಲ್ಲೂ ಅದೇ. ಸಿಪಿಯುಐಡಿ ಹೇಳೋದು ಕಾಲುವೆ ಇದೆ ಅಂತ ಮಾತ್ರ. ಗೇಟ್ ಬೇರೆ ಕಡೆ ಇದೆ, ಇಂಟೆಲ್‌ನಲ್ಲಿ 0x3ಎ ನಂಬರಿನ ಎಂಎಸ್‌ಆರ್ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ). ಅದರಲ್ಲಿ ಬೀಗದ್ದೊಂದು ಬಿಟ್, ಅನುಮತಿಯದ್ದೊಂದು ಬಿಟ್. ಬೀಗ ಹಾಕಿಲ್ಲದಿದ್ದರೆ ಹೈಪರ್‌ವೈಸರ್ ತಾನೇ ಗೇಟ್ ಎತ್ತಿಕೊಳ್ಳಬಹುದು. ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಅನುಮತಿ ಕೊಡದೆ ಬೀಗ ಜಡಿದಿದ್ದರೆ ಯಂತ್ರ ರೀಸ್ಟಾರ್ಟ್ ಮಾಡಿ ಬಯೋಸ್‌ಗೇ ಹೋಗಬೇಕು, ಬೇರೆ ದಾರಿ ಇಲ್ಲ. ನಮ್ಮ ಲ್ಯಾಬಿನಲ್ಲಿ ಆಗಿದ್ದು ಇದೇ.

ಅದನ್ನು ಸರಿ ಮಾಡಿದ ಮೇಲೆ ಮೂಲೆಯ ಹಳೇ ಇಂಟೆಲ್ ಕೋರ್ 2 ಡ್ಯುಯೋ ಯಂತ್ರ ತಕರಾರು ತೆಗೆಯಿತು. ಅದರಲ್ಲಿ ವಿಎಂಎಕ್ಸ್ ಇದೆ, ಇಪಿಟಿ (ವರ್ಚುವಲ್ ಮಷಿನ್‌ನ ಮೆಮೊರಿ ವಿಳಾಸಗಳನ್ನು ಪ್ರೊಸೆಸರೇ ನೋಡಿಕೊಳ್ಳುವ ಸೌಲಭ್ಯ) ಇಲ್ಲ. ಇಪಿಟಿ ಬಂದದ್ದು 2008ರ ನೆಹಾಲೆಮ್ ಚಿಪ್‌ಗಳಿಂದ. ಅಂದರೆ ಒಂದು ಇದ್ದರೆ ಎಲ್ಲವೂ ಇದೆ ಅಂತ ಸುಮ್ನೆ ನಂಬೋ ಹಾಗಿಲ್ಲ, ಬಳಸುವ ಒಂದೊಂದನ್ನೂ ಬೇರೆ ಬೇರೆ ಕೇಳಬೇಕು. ವರ್ಚುವಲ್ ಮಷಿನ್ ಒಳಗೇ ಇನ್ನೊಂದನ್ನು ಓಡಿಸಲು ಹೋದರೆ ಫಜೀತಿ ಇನ್ನೂ ಜಾಸ್ತಿ, ಮೇಲಿನವನು ಎಷ್ಟು ಬಿಟ್ಟನೋ ಅಷ್ಟೇ ಕೆಳಗಿನವನಿಗೆ. ಕೊನೆ ಭಾಗದ ನಮಗೆ ಇದೇನು ಹೊಸದಲ್ಲ ಬಿಡಿ.

ಲಿನಕ್ಸ್‌ನ ಹೈಪರ್‌ವೈಸರ್ ಕೆವಿಎಂ ‘ಬಯೋಸ್‌ನಲ್ಲಿ ಬಂದ್ ಆಗಿದೆ’ ಅಂತ ಸೀದಾ ಹೇಳಿಬಿಡುತ್ತದೆ, ಇಂಗ್ಲಿಷಿನಲ್ಲಾದರೂ. ಅದನ್ನು ನೋಡಿ ನನ್ನ ಕೋಡೂ ಈಗ ಏನು ಇಲ್ಲ ಅಂತ ಕನ್ನಡದಲ್ಲೇ ಹೇಳಿ ನಿಲ್ಲುತ್ತದೆ. ನೀವೂ ಮುಂದಿನ ವಾರ ಆ ಪುಟದಲ್ಲಿ ಒಂದು ಸಾಲು ಸೇರಿಸಿ: ಓಡದಿದ್ದರೆ ಮೊದಲು ಬಯೋಸ್‌ನಲ್ಲಿ ‘ವರ್ಚುವಲೈಸೇಶನ್ ಟೆಕ್ನಾಲಜಿ’ ಆನ್ ಇದೆಯಾ ನೋಡಿ, ಆಮೇಲೆ ಹೊಸ ಕಂಪ್ಯೂಟರ್ ಮಾತಾಡಿ.

— ಒಬ್ಬ ಓದುಗ, ಸಿರವಾರ, ರಾಯಚೂರು ಜಿಲ್ಲೆ