ಅದು ಮಧ್ಯಂತರ ಚುನಾವಣೆಯಲ್ಲ

ಮಾನ್ಯ ಸಂಪಾದಕರೇ,

2026ರ ನವೆಂಬರ್ 3ರಂದು ಅಮೆರಿಕದ ಸಂಸತ್ತಿಗೆ ನಡೆಯಲಿರುವ ಚುನಾವಣೆಯನ್ನು ನಮ್ಮ ಪತ್ರಿಕೆಗಳು ‘ಮಧ್ಯಂತರ ಚುನಾವಣೆ’ ಎಂದೇ ಬರೆಯುತ್ತಿವೆ. ಮೊನ್ನೆ ಗದಗಿನ ನಮ್ಮ ಓಣಿಯ ವಾಚನಾಲಯದಲ್ಲಿ ಆ ತಲೆಬರಹ ಓದಿದ ಹಿರಿಯರೊಬ್ಬರು ಕನ್ನಡಕ ತೆಗೆದು, ‘ಅಂದ್ರ ಟ್ರಂಪ್ ಸರಕಾರ ಬಿತ್ತೇನ್ರೀ?’ ಎಂದು ಕೇಳಿದರು. ತಪ್ಪು ಅವರದಲ್ಲ. 1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ನಾಲ್ಕನ್ನಷ್ಟೇ ಗೆದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರು ವಿಧಾನಸಭೆಯನ್ನು ವಿಸರ್ಜಿಸಿ 1985ರಲ್ಲಿ ಮತ್ತೆ ಜನರ ಮುಂದೆ ಹೋದದ್ದನ್ನೂ, 1999ರಲ್ಲಿ ಒಂದೇ ಮತದ ಅಂತರದಿಂದ ವಾಜಪೇಯಿ ಸರಕಾರ ಬಿದ್ದದ್ದನ್ನೂ ಕಂಡವರಿಗೆ, ಮಧ್ಯಂತರವೆಂದರೆ ಸದನ ಅವಧಿಗೆ ಮುನ್ನವೇ ಮುರಿದು ಬರುವ ಚುನಾವಣೆ.

ಅಮೆರಿಕದಲ್ಲಿ ಸದನವನ್ನು ವಿಸರ್ಜಿಸುವ ಅಧಿಕಾರ ಅಧ್ಯಕ್ಷರಿಗಿಲ್ಲ. ಅಲ್ಲಿನ ಕೆಳಮನೆಯ 435 ಸ್ಥಾನಗಳಿಗೂ ಎರಡು ವರ್ಷಕ್ಕೊಮ್ಮೆ, ತಪ್ಪದೆ, ಚುನಾವಣೆ ನಡೆಯುತ್ತದೆ. ನೂರು ಸದಸ್ಯರ ಸೆನೆಟ್ಟಿನಲ್ಲಿ ಅವಧಿ ಆರು ವರ್ಷ, ನಮ್ಮ ರಾಜ್ಯಸಭೆಯಂತೆ ಎರಡು ವರ್ಷಕ್ಕೊಮ್ಮೆ ಸುಮಾರು ಮೂರರಲ್ಲೊಂದು ಪಾಲು ಸ್ಥಾನಗಳು ತೆರವಾಗುತ್ತವೆ. ಆದರೆ 1913ರಿಂದ ಸೆನೆಟರುಗಳನ್ನು ಆರಿಸುವವರು ಶಾಸಕರಲ್ಲ, ಮತದಾರರೇ. ಅಧ್ಯಕ್ಷರ ಅವಧಿ ನಾಲ್ಕು ವರ್ಷವಾದ್ದರಿಂದ ಅದರ ನಟ್ಟನಡುವೆ ಸಂಸತ್ತಿನದೊಂದು ಚುನಾವಣೆ ಬಂದೇ ಬರುತ್ತದೆ, ಅಷ್ಟೆ.

ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಗದಗಿನ ನಾವು ಒತ್ತುವ ಒಂದೇ ಗುಂಡಿಯಲ್ಲಿ ಸಂಸದರ ಆಯ್ಕೆಯೂ ಪ್ರಧಾನಿ ಯಾರೆಂಬ ತೀರ್ಮಾನವೂ ಅಡಗಿರುತ್ತವೆ. ಅಲ್ಲಿ ಎರಡೂ ಬೇರೆ ಬೇರೆ. ಅಧ್ಯಕ್ಷರಿಗೆ ಒಂದು ಪಕ್ಷ, ಸಂಸತ್ತಿಗೆ ಇನ್ನೊಂದು ಪಕ್ಷ ಎಂದು ಅದೇ ದಿನ ಅದೇ ಮತಪತ್ರದಲ್ಲಿ ಗುರುತು ಹಾಕುವವರಿದ್ದಾರೆ. ಎಣಿಸುವ ಬಗೆಯೂ ಬೇರೆ. ಸಂಸತ್ತಿನ ಅಭ್ಯರ್ಥಿಗೆ ತನ್ನ ಕ್ಷೇತ್ರದ ಅಥವಾ ರಾಜ್ಯದ ಮತಗಳೇ ನೇರವಾಗಿ ಲೆಕ್ಕ. ಅಧ್ಯಕ್ಷರನ್ನು ಆರಿಸುವವರು ಆ ಕೆಲಸಕ್ಕೆಂದೇ ಆಯ್ಕೆಯಾಗುವ, ರಾಜ್ಯವಾರು ಹಂಚಿಕೆಯಾದ 538 ಪ್ರತಿನಿಧಿಗಳು (ಸಂಸದರಲ್ಲ), ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಗಳನ್ನು ಬಿಟ್ಟರೆ ಉಳಿದೆಲ್ಲ ರಾಜ್ಯಗಳಲ್ಲಿ ಒಂದು ಮತ ಮುಂದಿದ್ದವರಿಗೂ ಆ ರಾಜ್ಯದ ಅಷ್ಟೂ ಪ್ರತಿನಿಧಿಗಳು ಸಿಗುತ್ತಾರೆ. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತ ಅಧಿಕ ಪಡೆದೂ ಸೋತದ್ದು ಈ ಲೆಕ್ಕದಿಂದಲೇ. ನನಗಂತೂ ಇದು ಹಳೆಯ ಕಾಲದ ಉಳಿಕೆಯೆಂದೇ ತೋರುತ್ತದೆ, ಆ ಮಾತು ಬೇರೆ.

ಸಂಸತ್ತಿನ ಬಹುಮತ ಕೈತಪ್ಪಿದರೆ ಅಧ್ಯಕ್ಷರ ಕುರ್ಚಿ ಅಲುಗದು, ಕೈ ಮಾತ್ರ ಕಟ್ಟಿದಂತಾಗುತ್ತದೆ: ಮಸೂದೆಗಳು ನಿಲ್ಲುತ್ತವೆ, ಹಣ ಮಂಜೂರಾತಿಗೆ ಜಗ್ಗಾಟ ಶುರುವಾಗುತ್ತದೆ, ಸದನ ಸಮಿತಿಗಳು ತನಿಖೆಗೆ ಇಳಿಯುತ್ತವೆ. 1994ರಲ್ಲಿ ಬಿಲ್ ಕ್ಲಿಂಟನ್ ಅವರ ಪಕ್ಷ ಎರಡೂ ಮನೆಗಳನ್ನು ಕಳೆದುಕೊಂಡಿತು, 2010ರಲ್ಲಿ ಒಬಾಮಾ ಅವರ ಪಕ್ಷ ಕೆಳಮನೆಯಲ್ಲಿ 63 ಸ್ಥಾನಗಳನ್ನು ಬಿಟ್ಟುಕೊಟ್ಟಿತು. ಇಬ್ಬರೂ ಎರಡು ವರ್ಷದ ಬಳಿಕ ಮತ್ತೆ ಅಧ್ಯಕ್ಷರಾಗಿ ಗೆದ್ದರು.

ಆದಕಾರಣ ಇದನ್ನು ‘ಅವಧಿ ನಡುವಿನ ಚುನಾವಣೆ’ ಎಂದು ಬರೆಯಬೇಕೆಂದು ಕೋರುತ್ತೇನೆ. ತಲೆಬರಹ ತುಸು ಉದ್ದವಾದೀತು.

– ಓದುಗ, ಗದಗ