ಲ್ಯಾಬ್ ಖಾಲಿ ಮಾಡಿದ ಮೇಲೆ, ಅಕ್ಕನಿಗೆ

ಶುಕ್ರವಾರ ಲ್ಯಾಬಿನ ಕೀಲಿ ಒಪ್ಪಿಸಿ ಬಂದೆ. 29 ವರ್ಷ. ಕಣ್ಣಿಂದ ಮಿದುಳಿಗೆ ಹೋಗುವ ನರ ಒಮ್ಮೆ ಪೆಟ್ಟು ತಿಂದರೆ ಮತ್ತೆ ಯಾಕೆ ಬೆಳೆಯುವುದಿಲ್ಲ ಅನ್ನುವ ಒಂದೇ ಪ್ರಶ್ನೆ ಹಿಡಿದು ಕೂತಿದ್ದೆ. ಅದು ನಿಮಗೆಲ್ಲ ಗೊತ್ತು, ಕೇಳಿ ಕೇಳಿ ಸಾಕಾಗಿರಲೂಬಹುದು.

ನನ್ನ ಗೈಡ್, ನನ್ನ ವಿದ್ಯಾರ್ಥಿಗಳು, ಇಲಿಗಳನ್ನು ನೋಡಿಕೊಂಡವರು, ಗ್ರ್ಯಾಂಟಿನ ಲೆಕ್ಕ ತಿದ್ದಿಕೊಟ್ಟ ಅಕೌಂಟ್ಸ್‌ನವರು, ತಮ್ಮ ಭಾನುವಾರಗಳನ್ನು ಬಿಟ್ಟುಕೊಟ್ಟ ಮನೆಯವರು, ಎಲ್ಲರಿಗೂ ಋಣಿ. ಒಬ್ಬೊಬ್ಬರ ಬಗ್ಗೆಯೂ ಬರೆಯಬೇಕಿತ್ತು. ಬರೆಯುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಇದು ಅಕ್ಕನ ಬಗ್ಗೆ.

ಅಕ್ಕ ನಮ್ಮ ಟೆಕ್ನಿಷಿಯನ್. ನಾನು ಸೇರುವಾಗಲೇ ಅವರು ಅಲ್ಲಿ ಹಳಬರು. ನಮ್ಮ ಒಂದು ಪೇಪರಿನಲ್ಲೂ ಲೇಖಕರ ಸಾಲಿನಲ್ಲಿ ಅವರ ಹೆಸರಿಲ್ಲ. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇದೆ. ಸೇರಿಸಬೇಕಾಗಿದ್ದವನು ನಾನೇ.

ಹನ್ನೆರಡು ವರ್ಷದ ಹಿಂದಿನ ಮಾತು. ಇಲಿಯ ಕಣ್ಣಿನ ನರವನ್ನು ಫೋರ್ಸೆಪ್ಸ್‌ನಲ್ಲಿ ಅಮುಕಿ, ಔಷಧಿ ಕೊಟ್ಟು, ಕೊನೆಗೆ ಕಣ್ಣಿಗೆ ಹೊಳೆಯುವ ಬಣ್ಣ ಹಾಕಿದ್ದೆವು. ಗಾಯದ ಜಾಗ ದಾಟಿ ನರದ ಎಳೆಗಳು ಹೊಳೆಯುತ್ತಿದ್ದವು. ನರ ಬೆಳೆದಿದೆ ಅಂತ ಕುಣಿದಾಡಿಬಿಟ್ಟೆ. ಪೇಪರ್ ರೆಡಿ, ಬೆಳಿಗ್ಗೆ ಕಳಿಸುವುದಷ್ಟೇ ಬಾಕಿ. ಸಂಜೆ ಅಕ್ಕ ಬಂದು, "ಸರ್, ಇವು ಜಾಸ್ತಿ ನೆಟ್ಟಗಿವೆ ಅಲ್ವಾ?" ಅಂದರು.

ಹೊಸದಾಗಿ ಬೆಳೆದ ಎಳೆ ತಡಕಾಡುತ್ತಾ, ಡೊಂಕುಡೊಂಕಾಗಿ ಹೋಗುತ್ತದೆ. ನೆಟ್ಟಗೆ, ಆ ತುದಿಯವರೆಗೂ ಹೋಗಿದ್ದರೆ ಅದು ಕಡಿಯದೇ ಉಳಿದ ಹಳೆಯ ಎಳೆ ಇರಬಹುದು. ಅಮುಕುವಾಗ ಕೈ ಸಡಿಲಾಗಿದ್ದರೆ ಹೀಗಾಗುತ್ತದೆ. ಅಮುಕಿದ್ದು ನಾನು. ಇದನ್ನು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದವನೂ ನಾನೇ.

ರೇಗಿದೆ. ನಿಮಗೇನು ಗೊತ್ತು ಅಂತಲೂ ಅಂದೆ. ಅವರು ಎದ್ದು ಹೋಗಬಹುದಿತ್ತು. ತಡವಾಗುತ್ತೆ ಅಂತ ಮನೆಗೆ ಫೋನ್ ಮಾಡಿ, ಫ್ರಿಡ್ಜಿನಿಂದ ಸ್ಲೈಡ್ ಬಾಕ್ಸ್ ತಂದಿಟ್ಟರು. ಯಾವ ಇಲಿಗೆ ಔಷಧಿ ಕೊಟ್ಟಿದ್ದು, ಯಾವುದಕ್ಕಿಲ್ಲ ಅಂತ ನನಗೆ ಕಾಣಬಾರದಲ್ಲ, ಲೇಬಲ್‌ಗಳ ಮೇಲೆಲ್ಲ ಟೇಪ್ ಅಂಟಿಸಿದರು. ರಾತ್ರಿಯಿಡೀ ಕತ್ತಲೆ ಕೋಣೆಯಲ್ಲಿ ನಾನು ಎಣಿಸಿದೆ, ಅವರು ಬರೆದುಕೊಂಡರು. ಬೆಳಗಿನ ಜಾವ ಟೇಪ್ ಬಿಚ್ಚಿದೆವು. ನೆಟ್ಟಗಿನ ಎಳೆಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ.

ಮೂರು ವರ್ಷದ ಕೆಲಸ. ಅತ್ತುಬಿಟ್ಟೆ. ಅಕ್ಕ ಏನೂ ಹೇಳಲಿಲ್ಲ. ಮೈಕ್ರೋಸ್ಕೋಪಿನ ದೀಪ ಆರಿಸಿದರು. ಅದು ತಣ್ಣಗಾಗುವವರೆಗೆ ಹೊದಿಕೆ ಹಾಕುವಂತಿಲ್ಲ. ಅಲ್ಲಿಯವರೆಗೂ ಸುಮ್ನೆ ಪಕ್ಕದಲ್ಲಿ ಕೂತಿದ್ದರು.

ಆ ಪೇಪರ್ ಹೋಗಲಿಲ್ಲ. ಆಮೇಲೆ ನಾವು ಮಾಡಿದ್ದೆಲ್ಲ ಸಣ್ಣ ಸಣ್ಣ ಕೆಲಸ. ಆದರೆ ಬೇರೆ ಲ್ಯಾಬಿನವರು ಮಾಡಿ ನೋಡಿದಾಗಲೂ ಅದೇ ಫಲಿತಾಂಶ ಬಂದಿದೆ.

ಮೀನು, ಕಪ್ಪೆಗಳಲ್ಲಿ ಈ ನರ ತಾನಾಗಿಯೇ ಮತ್ತೆ ಬೆಳೆಯುತ್ತದೆ. ನಮ್ಮಲ್ಲಿ ಒಂದೊಂದು ಕಣ್ಣಿಗೆ ಹತ್ತು ಲಕ್ಷದಷ್ಟು ಎಳೆ, ಹೋದರೆ ಹೋದವು. 1980ರ ದಶಕದಲ್ಲಿ ನರವಿಜ್ಞಾನಿ ಆಲ್ಬರ್ಟ್ ಅಗುವಾಯೊ ತಂಡದವರು ಕಾಲಿನ ನರದ ತುಂಡನ್ನು ಕಣ್ಣಿಗೆ ಕಸಿ ಮಾಡಿದಾಗ, ಇಲಿಯಲ್ಲೂ ಕಣ್ಣಿನ ಈ ನರದ ಕೋಶಗಳು ಅದರೊಳಗೆ ಎಳೆ ಚಾಚಿದವು. ಅಂದರೆ ಬೆಳೆಯುವ ಶಕ್ತಿ ಪೂರ್ತಿ ಸತ್ತಿಲ್ಲ. ಅದನ್ನು ಓದಿಯೇ ನಾನು ಈ ಕಡೆ ಬಂದಿದ್ದು. ಹತ್ತು ವರ್ಷದಲ್ಲಿ ಮುಗಿಸಿಬಿಡಬಹುದು ಅಂದುಕೊಂಡಿದ್ದೆ! ಇದೇ ನರವನ್ನು ಹಾಳು ಮಾಡುವ ಗ್ಲಾಕೋಮಾದಿಂದ ಕಣ್ಣು ಕಳೆದುಕೊಂಡ ಒಬ್ಬರಿಗೂ ನನ್ನಿಂದ ಏನೂ ಕೊಡಲಾಗಲಿಲ್ಲ. ಬೀಳ್ಕೊಡುಗೆಯ ದಿನ ಈ ಮಾತು ಗಂಟಲಲ್ಲೇ ಉಳಿಯಿತು. ಇರಲಿ.

ಲ್ಯಾಬಿಗೆ ಬರುವ ಹೊಸಬರಿಗೆ ಒಂದು ಕೋರಿಕೆ. ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಸ್ಲೈಡ್ ಬಾಕ್ಸ್ ಇದೆ. ಬಣ್ಣ ಎಂದೋ ಮಾಸಿದೆ, ಈಗ ನೋಡಿದರೆ ಏನೂ ಕಾಣುವುದಿಲ್ಲ. ಲೇಬಲ್ ಮೇಲೆ ಟೇಪಿನ ಅಂಟು ಮಾತ್ರ ಉಳಿದಿದೆ. ದಯವಿಟ್ಟು ಬಿಸಾಕಬೇಡಿ.

ಅಕ್ಕಾ, ನಿಮಗೇನು ಗೊತ್ತು ಅಂದಿದ್ದಕ್ಕೆ ಇವತ್ತಿನವರೆಗೂ ಕ್ಷಮೆ ಕೇಳಿಲ್ಲ. ಭಾನುವಾರ ಮನೆಗೆ ಬರುತ್ತೇನೆ.