ಡಾಲರ್ ನಾಣ್ಯ: ಮೊದಲು ಸಾಲು, ಆಮೇಲೆ ಆಲ್ಬಂ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ನಾಣ್ಯ ಸಂಗ್ರಹದ ಲೇಖನವನ್ನು ನ್ಯೂಜೆರ್ಸಿಯಲ್ಲಿ ಕೂತು ಎರಡು ಸಲ ಓದಿದೆ. ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿರುವುದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಅದರಲ್ಲಿನ ಎರಡು ಮಾತುಗಳ ಬಗ್ಗೆ ಬರೆಯದೆ ಇರಲು ಆಗಲಿಲ್ಲ. ಒಂದು, ಅಮೆರಿಕದ ಡಾಲರ್ ನಾಣ್ಯದ ಚಿತ್ರದ ಕೆಳಗೆ ‘ಇಸವಿ ಇಲ್ಲದ ನಾಣ್ಯ’ ಎಂದು ಅಚ್ಚಾಗಿದೆ. ಇನ್ನೊಂದು, ಹೊಸದಾಗಿ ಶುರು ಮಾಡುವವರು ಮೊದಲು ನಾಣ್ಯಕ್ಕೊಂದು ತೂತಿರುವ ಸಿದ್ಧ ಆಲ್ಬಂ ಕೊಂಡು ಆ ತೂತುಗಳನ್ನು ತುಂಬುತ್ತ ಹೋಗಲಿ ಎಂಬ ಸಲಹೆ. ಹನ್ನೊಂದು ವರ್ಷ ಹಾಗೇ ತುಂಬಿ, ಆಮೇಲೆ ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸಿದವಳು ನಾನು. ಆ ಅನುಭವದಿಂದ ಹೇಳುತ್ತಿದ್ದೇನೆ.

ನನ್ನ ಮೊದಲ ಡಾಲರ್ ನಾಣ್ಯ ಸಿಕ್ಕಿದ್ದು 2001ರಲ್ಲಿ, ಕೆಲಸಕ್ಕೆ ಹೋಗುವಾಗ ರೈಲು ನಿಲ್ದಾಣದ ಟಿಕೆಟ್ ಯಂತ್ರದಲ್ಲಿ. ಇಪ್ಪತ್ತು ಡಾಲರ್ ನೋಟು ತೂರಿಸಿದರೆ ಚಿಲ್ಲರೆಯೆಲ್ಲ ನಾಣ್ಯವಾಗಿ ಗಲಗಲ ಬಿತ್ತು. ಹೊನ್ನಿನ ಬಣ್ಣ, ಬೆನ್ನಿಗೆ ಮಗುವನ್ನು ಕಟ್ಟಿಕೊಂಡು ಹೊರಳಿ ನೋಡುತ್ತಿರುವ ತರುಣಿ. ಅವಳು ಸಕಾಜವೀಯ, 1800ರ ದಶಕದ ಆರಂಭದಲ್ಲಿ ಅಮೆರಿಕದ ಪಶ್ಚಿಮವನ್ನು ಅರಸಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಯಾತ್ರೆಯ ಜೊತೆ ನಡೆದ ಶೋಶೋನಿ ಬುಡಕಟ್ಟಿನ ಮೂಲನಿವಾಸಿ ಹೆಣ್ಣುಮಗಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಿಯನ್ನು ನಾಣ್ಯದ ಮೇಲೆ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅದನ್ನು ಖರ್ಚು ಮಾಡಲು ಮನಸ್ಸು ಬರಲಿಲ್ಲ. ಅದೇ ರಾಶಿಯಲ್ಲಿ ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥನಿಯ ಮುಖವಿರುವ ಬೆಳ್ಳಗಿನ ಎರಡು ಡಾಲರ್ ನಾಣ್ಯಗಳೂ ಇದ್ದವು. ಕಾಲು ಡಾಲರ್ ಎಂದುಕೊಂಡು ಅವನ್ನು ಕೊಟ್ಟೇಬಿಟ್ಟಿದ್ದೆ, ಅಂಗಡಿಯಾತನೇ ತಿರುಗಿಸಿ ತೋರಿಸಿದ. ಅಗಲ ಇದರದು 26.5 ಮಿಲಿಮೀಟರ್, ಕಾಲು ಡಾಲರಿನದು 24.3ರಷ್ಟು, ಬಣ್ಣ ಒಂದೇ, ಅಂಚಿನ ಗೆರೆಗಳೂ ಒಂದೇ. ಇಡೀ ದೇಶದ ಜನ ಹೀಗೆ ಮೋಸಹೋಗಿದ್ದರಿಂದಲೇ ಆ ನಾಣ್ಯ 1979ರಿಂದ 1981ರವರೆಗೆ ಬಂದು ನಿಂತುಹೋಯಿತು.

ಆಮೇಲೆ ನಾನು ಮಾಡಿದ್ದು ನಿಮ್ಮ ಲೇಖನ ಹೇಳುವುದನ್ನೇ. 1970ರ ದಶಕದ ಐಸೆನ್‌ಹೋವರ್ ಡಾಲರಿಗೆ ಒಂದು ಆಲ್ಬಂ, ಆಂಥನಿಗೆ ಒಂದು, ಸಕಾಜವೀಯಗೆ ಒಂದು, 2007ರಲ್ಲಿ ಅಮೆರಿಕದ ಒಬ್ಬೊಬ್ಬ ಅಧ್ಯಕ್ಷರ ಮುಖವಿರುವ ಡಾಲರ್ ನಾಣ್ಯಗಳು ಬರತೊಡಗಿದಾಗ ಇನ್ನೊಂದು. ರಟ್ಟಿನ ತೂತಿಗೆ ಹೆಬ್ಬೆರಳಿನಿಂದ ಒತ್ತಿ ಕೂರಿಸುವುದು. ತೂತು ತುಂಬಿದಾಗ ಆಗುವ ಖುಷಿ ಸಣ್ಣದಲ್ಲ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂಬತ್ತು ವರ್ಷದ ಮೊಮ್ಮಗಳು ಒಂದು ದಿನ ಆಲ್ಬಂ ತೆರೆದು ‘ಅಜ್ಜಿ, ಇದು ಯಾವ ವರ್ಷದ್ದು?’ ಎಂದು ಕೇಳಿದಳು. ಅಧ್ಯಕ್ಷ ಟೈಲರ್‌ರ ನಾಣ್ಯ. ಮುಂದೆ ನೋಡಿದೆವು, ಹಿಂದೆ ನೋಡಿದೆವು. ಇಸವಿ ಇರಲಿಲ್ಲ. ಇರುವುದು ಅಂಚಿನಲ್ಲಿ, ಅಂಚನ್ನು ನುಂಗಿಕೊಂಡಿದ್ದು ಆಲ್ಬಮ್ಮಿನ ರಟ್ಟು. ಇಸವಿಯನ್ನು ಓದಬೇಕಾದರೆ ನಾಣ್ಯವನ್ನು ಕಿತ್ತು ತೆಗೆಯಬೇಕು. ಅಷ್ಟು ವರ್ಷ ಜೋಡಿಸಿದ್ದು ನಾಣ್ಯಗಳನ್ನೋ, ಆಲ್ಬಂ ಮಾರುವವರ ಪಟ್ಟಿಯನ್ನೋ ಎಂಬ ಪ್ರಶ್ನೆ ಅವತ್ತು ನನ್ನೊಳಗೆ ಹೊಕ್ಕಿತು.

ಚಿತ್ರದ ಕೆಳಗಿನ ನಿಮ್ಮ ಸಾಲು ನನ್ನನ್ನು ಕಾಡಿದ್ದು ಈ ಕಾರಣಕ್ಕೇ. 2007ರಿಂದ ಅಧ್ಯಕ್ಷರ ಡಾಲರುಗಳಲ್ಲಿ, 2009ರಿಂದ ಸಕಾಜವೀಯ ಡಾಲರುಗಳಲ್ಲಿ ಇಸವಿ ಮತ್ತು ಟಂಕಸಾಲೆಯ ಗುರುತು (ಯಾವ ಟಂಕಸಾಲೆಯದೆಂದು ಹೇಳುವ ಅಕ್ಷರ) ಅಂಚಿನ ಮೇಲಿವೆ. ಆದರೆ 2007ರಲ್ಲಿ ಬಂದ ಜಾರ್ಜ್ ವಾಷಿಂಗ್ಟನ್ ಡಾಲರುಗಳಲ್ಲಿ ಒಂದಷ್ಟು ಅಂಚಿನ ಯಂತ್ರಕ್ಕೆ ಹೋಗದೆಯೇ ಹೊರಬಿದ್ದವು. ಅವುಗಳ ಅಂಚು ನುಣುಪು, ಇಸವಿ ಎಲ್ಲಿಯೂ ಇಲ್ಲ. ಸಂಗ್ರಾಹಕರು ಅವಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಇದನ್ನು ಅರ್ಧಂಬರ್ಧ ಕೇಳಿಸಿಕೊಂಡ ನನ್ನ ಸಹೋದ್ಯೋಗಿಯೊಬ್ಬರು ನಾಣ್ಯ ಮೇಳವೊಂದರಲ್ಲಿ ‘ಇಸವಿ ಇಲ್ಲದ ಡಾಲರ್’ ಎಂದು ರಟ್ಟಿನೊಳಗಿದ್ದ ಒಂದನ್ನು ನಲವತ್ತು ಡಾಲರ್ ಕೊಟ್ಟು ತಂದರು. ಮನೆಯಲ್ಲಿ ಹೊರತೆಗೆದರೆ ಅಂಚಿನ ಸುತ್ತ 2007 ಎಂದು ಸ್ಪಷ್ಟವಾಗಿತ್ತು. ಅಂಗಡಿಯಲ್ಲಿ ಒಂದು ಡಾಲರಿಗೆ ನಡೆಯುವ ನಾಣ್ಯ ಅದು. ಅವರ ಮುಖ ನೋಡಲು ನನಗೆ ಸಂಕಟವಾಯಿತು.

ಇನ್ನು ಜೋಡಿಸುವ ವಿಷಯ. ನಾನು ಲೆಕ್ಕಪತ್ರದ ಕೆಲಸದಲ್ಲಿದ್ದವಳು, ಸಾಲು ಮತ್ತು ಅಂಕಣ ಕೈಗೆ ಒಗ್ಗಿದ್ದವು. ಎರಡಿಂಚು ಚೌಕದ ರಟ್ಟಿನ ಚೌಕಟ್ಟುಗಳನ್ನು ತಂದು, ಒಂದೊಂದು ನಾಣ್ಯವನ್ನು ಅದರ ಪಾರದರ್ಶಕ ಕಿಟಕಿಯ ನಡುವೆ ಇಟ್ಟು, ಸ್ಟೇಪಲ್ ಹೊಡೆದು, ಪಿನ್ನಿನ ಮೊನೆಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಿದೆ (ಮಾಡದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ). ಅಂಚಿನಲ್ಲಿರುವುದನ್ನು ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದೆ. ಈ ಚೌಕಟ್ಟುಗಳಿಗಾಗಿಯೇ ಇಪ್ಪತ್ತು ಜೇಬಿನ ಹಾಳೆಗಳು ಸಿಗುತ್ತವೆ. ಅಡ್ಡಲಾಗಿ ತಿರುಗಿಸಿದರೆ ಸಾಲಿಗೆ ಐದು ಜೇಬು, ಪುಟಕ್ಕೆ ನಾಲ್ಕು ಸಾಲು. 38.1 ಮಿಲಿಮೀಟರಿನ ಐಸೆನ್‌ಹೋವರ್ ಡಾಲರ್ ಕೂಡ ಅದೇ ಜೇಬಿನಲ್ಲಿ ಕೂರುತ್ತದೆ, ಅದಕ್ಕಾಗಿ ಬೇರೆ ಪುಸ್ತಕ ಬೇಕಿಲ್ಲ. ಹಾಳೆ ಕೊಳ್ಳುವಾಗ ಪಿ.ವಿ.ಸಿ. ಇಲ್ಲದ್ದೇ ಆಗಬೇಕು. ಮೆತ್ತಗಿನ ಅಗ್ಗದ ಪ್ಲಾಸ್ಟಿಕ್ಕಿನಲ್ಲಿಟ್ಟ ನನ್ನ ಆರು ನಾಣ್ಯಗಳ ಮೇಲೆ ಎರಡೇ ವರ್ಷದಲ್ಲಿ ಹಸಿರು ಅಂಟು ಕೂತಿತು.

ಒಂದು ವರ್ಷಕ್ಕೆ ಒಂದು ಸಾಲು. ಸರಣಿ ಯಾವುದೇ ಇರಲಿ, ಆ ವರ್ಷ ಬಂದ ಡಾಲರುಗಳೆಲ್ಲ ಆ ಸಾಲಿನಲ್ಲಿ. ಇದೇ ನಾನು ಕಂಡುಕೊಂಡ ಕ್ರಮ. ಹೀಗೆ ಜೋಡಿಸಿದ ಮೇಲೆ ಹನ್ನೊಂದು ವರ್ಷ ಕಾಣದೆ ಇದ್ದದ್ದು ಕಾಣತೊಡಗಿತು.

2008ರ ಸಾಲು ಮತ್ತು 2009ರ ಸಾಲನ್ನು ಒಂದರ ಕೆಳಗೊಂದು ಇಟ್ಟು ನೋಡಿ. 2008ರಲ್ಲಿ ಸಕಾಜವೀಯಳ ಪಕ್ಕದಲ್ಲಿ ಇಸವಿ ಇದೆ, ಹಿಂದೆ ಹಾರುವ ಹದ್ದು. ‘ದೇವರಲ್ಲಿ ನಮ್ಮ ವಿಶ್ವಾಸ’ ಎಂಬ ಘೋಷವಾಕ್ಯ ಅಧ್ಯಕ್ಷರ ನಾಣ್ಯಗಳಲ್ಲಿ ಅಂಚಿಗೆ ಹೋಗಿದೆ. 2009ರಲ್ಲಿ ಎರಡೂ ಅದಲುಬದಲು. ಘೋಷವಾಕ್ಯ ಅಂಚಿನಿಂದ ಅಧ್ಯಕ್ಷರ ಮುಖದ ಬದಿಗೆ ಬಂತು, ಸಕಾಜವೀಯಳ ಇಸವಿ ಮುಖದ ಬದಿಯಿಂದ ಅಂಚಿಗೆ ಹೋಯಿತು. ಹದ್ದು ಹೋಗಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆಯುತ್ತಿರುವ ಮೂಲನಿವಾಸಿ ಹೆಣ್ಣುಮಗಳು ಬಂದಳು. ಅಲ್ಲಿಂದ ಪ್ರತಿವರ್ಷ ಹಿಂಭಾಗದಲ್ಲಿ ಹೊಸ ಚಿತ್ರ. ಸರಣಿವಾರು ಇಟ್ಟಾಗ ಈ ಅದಲುಬದಲು ಎರಡು ಬೇರೆ ಪುಸ್ತಕಗಳಲ್ಲಿ ಹಂಚಿಹೋಗಿತ್ತು. ಒಂದು ಪುಸ್ತಕ ಇನ್ನೊಂದಕ್ಕೆ ಹೇಳುತ್ತಿರಲಿಲ್ಲ.

2007ರಿಂದ 2015ರವರೆಗೆ ಪ್ರತಿವರ್ಷ ನಾಲ್ವರು ಅಧ್ಯಕ್ಷರು, ಒಬ್ಬಳು ಸಕಾಜವೀಯ. ಒಟ್ಟು ಐದು, ಸಾಲು ಭರ್ತಿ. 2012ರ ಸಾಲು ನನಗೆ ತುಂಬ ಪ್ರಿಯ: ಸಕಾಜವೀಯಳ ಹಿಂದೆ ಕುದುರೆಯ ಚಿತ್ರ, ಆಮೇಲೆ ಆರ್ಥರ್, ಕ್ಲೀವ್‌ಲ್ಯಾಂಡ್, ಬೆಂಜಮಿನ್ ಹ್ಯಾರಿಸನ್, ಮತ್ತೆ ಕ್ಲೀವ್‌ಲ್ಯಾಂಡ್. ಸೋತು ನಾಲ್ಕು ವರ್ಷದ ಮೇಲೆ ಗೆದ್ದು ಬಂದದ್ದರಿಂದ ಅವರಿಗೆ ಎರಡು ನಾಣ್ಯ, ಎರಡು ಬೇರೆ ಮುಖಚಿತ್ರ. 2016ರಲ್ಲಿ ನಿಕ್ಸನ್, ಫೋರ್ಡ್, ರೇಗನ್ ಮೂವರೇ. ಫೋರ್ಡ್ ಮತ್ತು ರೇಗನ್ ನಡುವೆ ಅಧ್ಯಕ್ಷರಾಗಿದ್ದ ಕಾರ್ಟರ್ ಆಗ ಬದುಕಿದ್ದರು. ತೀರಿಕೊಂಡು ಎರಡು ವರ್ಷವಾದರೂ ಕಳೆಯದೆ ಯಾವ ಅಧ್ಯಕ್ಷರ ನಾಣ್ಯವನ್ನೂ ಹೊರಡಿಸಬಾರದು ಎಂಬುದು 2005ರ ಕಾಯ್ದೆ. 2017ರ ಸಾಲಿನಲ್ಲಿ ಒಂದೇ ನಾಣ್ಯ, ಸಕಾಜವೀಯಳ ಹಿಂಬದಿಯಲ್ಲಿ, ಮೂಲನಿವಾಸಿಗಳ ಚೆರೊಕೀ ಭಾಷೆಗೆ ಲಿಪಿ ಮಾಡಿಕೊಟ್ಟ ಸೆಕ್ವೋಯಾ. ಪಕ್ಕದ ನಾಲ್ಕು ಜೇಬು ಖಾಲಿ. ಲಿಪಿ ಕೊಟ್ಟವನು ಒಬ್ಬನೇ ಒಂದು ಸಾಲನ್ನು ಆಳುತ್ತಿರುವುದು ನನಗೆ ತೃಪ್ತಿ ಕೊಡುತ್ತದೆ.

2019ರಿಂದ ಮತ್ತೆ ಐದು, ಏಕೆಂದರೆ ಒಂದೊಂದು ರಾಜ್ಯದ ಆವಿಷ್ಕಾರವನ್ನು ತೋರಿಸುವ ಡಾಲರುಗಳು ವರ್ಷಕ್ಕೆ ನಾಲ್ಕರಂತೆ ಬರತೊಡಗಿದವು. ರಾಜ್ಯಗಳು ಒಕ್ಕೂಟಕ್ಕೆ ಸೇರಿದ ಕ್ರಮದಲ್ಲೇ ಅವು ಬರುವುದರಿಂದ ಜೋಡಿಸುವವರಿಗೆ ತಲೆನೋವಿಲ್ಲ. 2020ರಲ್ಲಿ ಮಾತ್ರ ನನ್ನ ಸಾಲು ತುಂಬಿ ಹೊರಚೆಲ್ಲಿತು. 2018ರಲ್ಲಿ ತೀರಿಕೊಂಡ ಹಿರಿಯ ಬುಷ್‌ಗೆ ಪ್ರತ್ಯೇಕ ಕಾಯ್ದೆಯ ಮೂಲಕ ನಾಣ್ಯ ಬಂದು ಆರಾಯಿತು. ಜೇಬು ಐದೇ. ಎರಡು ದಿನ ಯೋಚಿಸಿ ಅವರನ್ನು ಕೆಳಗಿನ ಸಾಲಿನಲ್ಲಿ ಒಬ್ಬರನ್ನೇ ಕೂರಿಸಿದೆ. ಸರಣಿ ಮುಗಿದ ನಾಲ್ಕು ವರ್ಷದ ಮೇಲೆ ಬಂದವರು, ಒಂಟಿಯಾಗಿರುವುದೇ ನ್ಯಾಯ.

ಖಾಲಿ ಜಾಗಗಳನ್ನೂ ಉಳಿಸಿಕೊಂಡಿದ್ದೇನೆ. 1975 ಎಂದು ಬರೆದಿರುವ ಡಾಲರ್ ನಾಣ್ಯವೇ ಇಲ್ಲ. ಸ್ವಾತಂತ್ರ್ಯದ ಇನ್ನೂರನೇ ವರ್ಷಕ್ಕೆ 1776–1976 ಎಂಬ ಜೋಡಿ ಇಸವಿ ಹಾಕಿದರು. ಅದರಲ್ಲಿ ಮೊದಲು ಬಂದದ್ದು ಹಿಂಭಾಗದಲ್ಲಿ ದಪ್ಪ ಅಕ್ಷರದ್ದು, ಆಮೇಲಿನದು ತೆಳು ಅಕ್ಷರದ್ದು. ದಪ್ಪ ಅಕ್ಷರದ್ದನ್ನು 1975ರ ಸಾಲಿನಲ್ಲಿಟ್ಟಿದ್ದೇನೆ. 1982ರಿಂದ 1998ರವರೆಗೆ ಹದಿನೇಳು ವರ್ಷ ಚಲಾವಣೆಗೆಂದು ಒಂದು ಡಾಲರ್ ನಾಣ್ಯವೂ ಟಂಕಿಸಲ್ಪಡಲಿಲ್ಲ. ಅಷ್ಟಕ್ಕೂ ಸೇರಿ ಒಂದು ಇಡೀ ಪುಟ ಬಿಟ್ಟಿದ್ದೇನೆ. ಅದರ ಆಚೆ 1999ರ ಆಂಥನಿ, ದಾಸ್ತಾನು ಬರಿದಾಗುತ್ತ ಬಂದದ್ದರಿಂದ ಇನ್ನೊಂದೇ ವರ್ಷಕ್ಕೆಂದು ಟಂಕಿಸಿದ್ದು. ಪುಟ ಹಾಳು ಮಾಡುತ್ತೀ ಎಂದು ಮನೆಯವರು ಹೇಳುತ್ತಾರೆ. ನಾಣ್ಯ ಬಾರದ ವರ್ಷವೂ ಈ ಕಥೆಯ ಭಾಗ ಎಂಬುದು ನನ್ನ ನಂಬಿಕೆ.

ಟಂಕಸಾಲೆಯ ಗುರುತುಗಳ ಬಗ್ಗೆ ಹೆಚ್ಚು ಹೇಳಲಾರೆ. ಫಿಲಡೆಲ್ಫಿಯ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೊ ಮೂರೂ ಟಂಕಸಾಲೆಗಳದ್ದನ್ನು ಸೇರಿಸಿದರೆ ನಲವತ್ತು ಅಧ್ಯಕ್ಷ ನಾಣ್ಯಗಳೇ ನೂರಿಪ್ಪತ್ತಾಗುತ್ತವೆ. ನಾನು ವಿನ್ಯಾಸಕ್ಕೆ ಒಂದೇ ಎಂದು ನಿಂತೆ. ಅಂಚಿನ ಅಕ್ಷರ ನೇರವೋ ತಲೆಕೆಳಗೋ ಎಂದು ಎರಡೆರಡು ಇಡುವವರಿದ್ದಾರೆ. ಯಂತ್ರಕ್ಕೆ ನಾಣ್ಯ ಹೇಗೆ ಬಿತ್ತು ಎಂಬುದರ ಮೇಲೆ ಆಗುವ ವ್ಯತ್ಯಾಸ ಅದು, ಯಾರೂ ಉದ್ದೇಶಿಸಿ ಮಾಡಿದ್ದಲ್ಲ. ಅದನ್ನು ಬಿಟ್ಟೆ. ಇಟ್ಟುಕೊಂಡ ಗುರುತು ಒಂದೇ: ಚಿಲ್ಲರೆಯಾಗಿಯೋ ಬ್ಯಾಂಕಿನ ಕಿಟಕಿಯಲ್ಲೋ ಮುಖಬೆಲೆಗೆ ಸಿಕ್ಕಿದ್ದರ ಮೂಲೆಯಲ್ಲಿ ಸಣ್ಣ ಚುಕ್ಕೆ, ಟಂಕಸಾಲೆಯಿಂದ ಹೆಚ್ಚು ಕೊಟ್ಟು ತರಿಸಿದ್ದಕ್ಕೆ ಏನೂ ಇಲ್ಲ. 2011ರ ತನಕ ಅಧ್ಯಕ್ಷರೆಲ್ಲರಿಗೂ ಚುಕ್ಕೆ ಇದೆ. ಖಜಾನೆಗಳಲ್ಲಿ ಸುಮಾರು 140 ಕೋಟಿ ಡಾಲರ್ ನಾಣ್ಯಗಳು ಕೊಳ್ಳುವವರಿಲ್ಲದೆ ಕೂತಿವೆ ಎಂದು ಆ ವರ್ಷದ ಡಿಸೆಂಬರಿನಲ್ಲಿ ಚಲಾವಣೆಯ ಟಂಕನ ನಿಲ್ಲಿಸಿದರು. 2012ರಿಂದ ಕೆಳಕ್ಕೆ ಒಂದು ಚುಕ್ಕೆಯೂ ಇಲ್ಲ.

ಎಲ್ಲರೂ ನನ್ನ ಹಾಗೇ ಜೋಡಿಸಲಿ ಎನ್ನುವುದಿಲ್ಲ. ಮೂಲನಿವಾಸಿಗಳ ಚಿತ್ರಗಳನ್ನೇ ಪ್ರೀತಿಸುವವರಿಗೆ ಅವಷ್ಟೇ ಒಂದು ಪೆಟ್ಟಿಗೆಯಲ್ಲಿರುವುದು ಚೆನ್ನ. ಆದರೆ ಆಲ್ಬಂ ಕೊಳ್ಳುವ ಮೊದಲು ಹತ್ತಿಪ್ಪತ್ತು ನಾಣ್ಯಗಳನ್ನು ಮೇಜಿನ ಮೇಲೆ ಹರಡಿ, ಬೇರೆ ಬೇರೆ ಸಾಲಿನಲ್ಲಿಟ್ಟು ನೋಡಿ ಎಂದು ನಿಮ್ಮ ಮುಂದಿನ ಲೇಖನದಲ್ಲಿ ಹೇಳಿಸಿದರೆ ಉಪಕಾರವಾಗುತ್ತದೆ. ಹಾಗೆಯೇ ಆ ಚಿತ್ರದ ಕೆಳಗಿನ ಸಾಲಿಗೆ ‘ಇಸವಿ ಅಂಚಿನಲ್ಲಿದೆ’ ಎಂಬ ತಿದ್ದುಪಡಿಯನ್ನು ದಯವಿಟ್ಟು ಪ್ರಕಟಿಸಿ.

ಇಂತಿ,
ನಿಮ್ಮ ಓದುಗಾರ್ತಿ, ನ್ಯೂಜೆರ್ಸಿ